ತೊಟ್ಟಿಲಗುಂಡಿ

ಆ ದಿನ ಬೆಳಿಗ್ಗೆ ಗಾಳಿ ಇರಲಿಲ್ಲ. ಸುಗ್ಗಿ ತಿಂಗಳ ಕೊನೆ, ಬೇಸಿಗೆ ಏರುವ ಹೊತ್ತು. ಸೂರ್ಯ ಮೂಡುವ ಮೊದಲೇ ಸೆಕೆ ಮೂಡಿತ್ತು. ಹೊಳೆಯ ಮೇಲೆ ತೆಳ್ಳಗೆ ಮಂಜು ಕೂತಿತ್ತು, ಅದೂ ಬೆವರಿದ ಹಾಗೆ ಬೆಚ್ಚಗೆ. ತೆಂಗಿನ ಗರಿ ಅಲುಗಲಿಲ್ಲ. ಇಳಿತದ ನೀರು ಸದ್ದಿಲ್ಲದೆ ಅಳಿವೆಯತ್ತ ಸರಿಯುತ್ತಿತ್ತು. ಮರುವಾಯಿ ಹೆಕ್ಕುವವರಿಗೆ ಇದಕ್ಕಿಂತ ಒಳ್ಳೆಯ ಬೆಳಗು ಬೇರೆ ಇಲ್ಲ. ನೀರು ಕಲಕುವುದಿಲ್ಲ. ಕಾಲಡಿಯಲ್ಲಿ ಏನುಂಟೆಂದು ಕಾಲಿಗೇ ತಿಳಿಯುತ್ತದೆ.

ಇದು ತೊಂಬತ್ತನಾಲ್ಕನೆಯ ಇಸವಿಯ ಮಾತು. ಕುಂಜತ್ತೂರಿನಿಂದ ಪಡುವಣಕ್ಕೆ, ಹೊಳೆ ಕಡಲು ಸೇರುವಲ್ಲಿ, ಇಪ್ಪತ್ತೆರಡು ಮನೆಗಳು. ಊರಿನವರು ಅದನ್ನು ಬರಿದೇ ಕಾಲನಿ ಎನ್ನುತ್ತಾರೆ. ಜಾತಿಯ ಹೆಸರು ಹೇಳಿದರೆ ತಮ್ಮ ಬಾಯಿ ಮೈಲಿಗೆಯಾದೀತು ಎನ್ನುವ ಹಾಗೆ. ಕಾಲನಿಯ ಹೆಂಗಸರೆಲ್ಲ ಹೊಳೆಗಿಳಿದು ಕೆಸರಿನೊಳಗಿನ ಮರುವಾಯಿ ಹೆಕ್ಕುವವರು. ಒಳಗಿನ ಮಾಂಸ ಊರಿನ ಪದಾರ್ಥಕ್ಕೆ, ಹೊರಗಿನ ಚಿಪ್ಪು ಸುಣ್ಣದ ಗೂಡಿಗೆ. ಹೆಕ್ಕಿದವರಿಗೆ ಸಿಕ್ಕುವುದು ಬೆರಳ ಸಂದಿಯ ಹುಣ್ಣು, ಉಗುರಿಲ್ಲದ ಹೆಬ್ಬೆರಳು, ಸೊಂಟದ ತುರಿಕೆ. ಬುಟ್ಟಿಗೆ ಬಸ್ಸಿನಲ್ಲಿ ಜಾಗವಿಲ್ಲ. ಬುಟ್ಟಿ ಹೊತ್ತವಳಿಗೂ ಇಲ್ಲ. ವಾಸನೆ ಬರುತ್ತದಂತೆ. ನಡೆದೇ ಹೋಗಿ, ಮನೆಮನೆಯ ಬೇಲಿಯ ಹೊರಗೆ ಬುಟ್ಟಿ ಇಳಿಸಿ ಕರೆಯಬೇಕು.

ಚನಿಯಾರು ಮೊದಲು ಇಳಿದಳು. ಅವಳಿಗೆ ಐವತ್ತು ದಾಟಿತ್ತು. ಮುಂದೆ ಅವಳು, ಹಿಂದೆ ಉಳಿದವರು, ಇದು ಕ್ರಮ. ನೀರು ಮುಟ್ಟಿ ಕೈ ಮುಗಿದು, ಅಮ್ಮಾ ದಾರಿ ಕೊಡು ಎಂದು ಕೇಳಿ ಇಳಿಯುವುದು ಇನ್ನೊಂದು ಕ್ರಮ. ಮೂರನೆಯದು ನಡೆಯುವ ಕ್ರಮ. ಹೊಳೆಯೊಳಗೆ ಕಾಲೆತ್ತಿ ಇಡಬಾರದು. ಕೆಸರಿನ ಮೇಲೆ ಜಾರಿಸಬೇಕು. ಕತ್ತಲೆಯಲ್ಲಿ ಮಲಗಿದ ಮಕ್ಕಳ ನಡುವೆ ತಾಯಿ ಹೇಗೆ ನಡೆಯುತ್ತಾಳೋ ಹಾಗೆ. ಕೆಸರಿನಲ್ಲಿ ತೊರಕೆ ಮಲಗಿರುತ್ತದೆ. ತಟ್ಟೆಯ ಹಾಗೆ ಚಪ್ಪಟೆ ಮೀನು, ಬಾಲದಲ್ಲಿ ಗರಗಸದಂಥ ಮುಳ್ಳು. ಕಾಲು ಜಾರಿಸಿದರೆ ಅದು ತಾನಾಗಿ ಎದ್ದು ಬದಿಗೆ ಹೋಗುತ್ತದೆ. ಎತ್ತಿ ಇಟ್ಟರೆ ಮುಳ್ಳು ಬೀಳುತ್ತದೆ.

ಚನಿಯಾರುವಿನ ಗಂಡ ಬಟ್ಯ ಒಮ್ಮೆ ಅವಸರದಲ್ಲಿ ಕಾಲೆತ್ತಿ ಇಟ್ಟಿದ್ದ. ಪಾದ ಕೊಳೆಯಿತು. ಎರಡು ಬೆರಳು ಹೋದವು. ಆ ಮೇಲೆ ಅವನು ಮನೆಯಲ್ಲಿ ಕೂತು ಬುಟ್ಟಿ ಹೆಣೆಯುತ್ತಾನೆ. ತೊರಕೆಯ ಮೇಲೆ ಅವನಿಗೆ ಸಿಟ್ಟಿಲ್ಲ. ಬೆನ್ನು ತುಳಿದವನನ್ನು ಅದಾದರೂ ಕುತ್ತಿತಲ್ಲ, ನಮ್ಮಿಂದ ಅದೂ ಆಗಲಿಲ್ಲ ಎಂದು ನಗುತ್ತಾನೆ.

ಅಳಿವೆಯಿಂದ ಸ್ವಲ್ಪ ಮೇಲೆ, ಮೂರು ತಾಳೆಮರಗಳ ಎದುರು, ಹೊಳೆ ಒಳಕ್ಕೆ ಬಾಗಿದಲ್ಲಿ ಮೊಣಕಾಲುದ್ದ ನೀರಿನ ಒಂದು ಗುಂಡಿ ಉಂಟು. ನೀರು ಬೆಚ್ಚಗೆ, ಕೆಸರು ಬೆಣ್ಣೆಯಂತೆ. ಸುಗ್ಗಿಯ ಹಿಂದಿನ ಮಾಯಿ ತಿಂಗಳು ಹುಟ್ಟಿದ ಮೇಲೆ ಬಸುರಿ ತೊರಕೆಗಳು ಕಡಲಿನಿಂದ ಅಲ್ಲಿಗೆ ಬರುತ್ತವೆ. ತಾಟೆಗಳೂ ಬರುತ್ತವೆ. ಊರಿನ ಓದಿದವರು ತಾಟೆಗೆ ಶಾರ್ಕ್ ಎನ್ನುತ್ತಾರೆ. ಇನ್ನೊಂದು ಜಾತಿಯ ಮೀನೂ ಬರುತ್ತದೆ, ತಲೆ ತೊರಕೆಯಂತೆ ಚಪ್ಪಟೆ, ಬಾಲ ತಾಟೆಯಂತೆ ಉದ್ದ. ಕಾಲನಿಯವರು ಅದಕ್ಕೆ ಎರಡು ಕುಲದ್ದು ಎನ್ನುತ್ತಾರೆ. ಎರಡೂ ಕಡೆ ಸೇರಿಸುವುದಿಲ್ಲ ಪಾಪ, ನಮ್ಮ ಪೈಕಿಯದ್ದೇ ಎನ್ನುವುದು ಬಟ್ಯನ ಮಾತು. ಇವೆಲ್ಲ ಮೊಟ್ಟೆ ಇಡುವವಲ್ಲ. ನಮ್ಮ ಹಾಗೆ ಹೆರುತ್ತವೆ. ಹೆತ್ತು, ಮರಿಗಳನ್ನು ಆ ಗುಂಡಿಯಲ್ಲಿ ಬಿಟ್ಟು ಹೋಗುತ್ತವೆ. ಅದಕ್ಕೇ ಅದು ತೊಟ್ಟಿಲಗುಂಡಿ. ಮಾಯಿಯಿಂದ ಪತ್ತನಾಜೆಯವರೆಗೆ, ಅಂದರೆ ಮಳೆಗಾಲ ಹತ್ತಿರವಾಗುವವರೆಗೆ, ಕಾಲನಿಯವರು ಅಲ್ಲಿ ಕಾಲಿಡುವುದಿಲ್ಲ. ಅತಿ ದೊಡ್ಡ ಮರುವಾಯಿ ಇರುವುದು ಅಲ್ಲೇ. ಒಲೆ ಹೊತ್ತದ ದಿನವೂ ಅಲ್ಲಿಗೆ ಹೋದವರಿಲ್ಲ. ಯಾರೂ ಬೋರ್ಡು ಹಾಕಿರಲಿಲ್ಲ. ಅಜ್ಜಿ ಹೇಳಿದ್ದಳು, ಅಜ್ಜಿಗೆ ಅವಳ ಅಜ್ಜಿ ಹೇಳಿದ್ದಳು. ಅಷ್ಟೇ.

ಹೊಳೆಯಲ್ಲಿ ಇಂಥ ಇನ್ನೊಂದು ಜಾಗ ಉಂಟು. ಅದರ ಹೆಸರನ್ನು ಈ ಕಥೆಯಲ್ಲಿಯೂ ಹೇಳುವುದಿಲ್ಲ.

ಆ ಬೆಳಿಗ್ಗೆ ದಡದಲ್ಲಿ ಒಂದು ಜೀಪು ಬಂದು ನಿಂತಿತು. ಬೋಟಿನ ದಣಿ ಗುಣಪಾಲರ ಜೀಪು. ಅವರಿಗೆ ನಾಲ್ಕು ಬೋಟು, ದಡದ ಮೇಲೆ ಮೀನಿನ ದೊಡ್ಡ ಶೆಡ್ಡು. ಅವರ ಬೋಟಿನ ಲೋಕನಾಥ ಕೆಳಗಿಳಿದು ಕರೆದ.

"ಏ ಚನಿಯಾರು, ಮೇಲೆ ಬಾ. ನಿನ್ನನ್ನು ನೋಡ್ಲಿಕ್ಕೆ ಕಾಲೇಜಿನವರು ಬಂದಿದ್ದಾರೆ."

ತನ್ನನ್ನು ನೋಡಲು ಪೊಲೀಸರ ಹೊರತು ಯಾರೂ ಬಂದದ್ದು ಅವಳಿಗೆ ನೆನಪಿಲ್ಲ. ತೊಡೆಯವರೆಗಿನ ಕೆಸರಿನಲ್ಲೇ ಹೋದಳು. ಶೆಡ್ಡಿನ ಅಂಗಳದಲ್ಲಿ, ಮಾಡಿನ ನೀರು ಬೀಳುವ ಗೆರೆಯ ಹೊರಗೆ ನಿಂತಳು. ಅವಳು ಯಾವಾಗಲೂ ನಿಲ್ಲುವ ಜಾಗ ಅದು. ಒಳಗಿನಿಂದ ತೆಳ್ಳಗಿನ ಒಬ್ಬ ಯುವಕ ಬಂದ. ಶಿವಸುಬ್ರಹ್ಮಣ್ಯ, ಬೆಳ್ಳೂರಿನ ಕಡೆಯ ಭಟ್ಟರ ಮಗ, ಕಾಲೇಜಿನಲ್ಲಿ ಮಾಸ್ಟ್ರು. ಕಡಲಿನಲ್ಲಿ ತಾಟೆ, ತೊರಕೆಗಳ ಸಂತಾನ ಮುಗಿಯುತ್ತ ಬಂತು, ಅವು ಎಲ್ಲಿ ಮರಿ ಹಾಕುತ್ತವೆ ಎಂದು ತಿಳಿದರೆ ಉಳಿಸಬಹುದು ಎಂದು ಊರೂರು ತಿರುಗುತ್ತಿದ್ದವ. ಬೋಟಿನವರನ್ನು ಕೇಳಿದ್ದ. ಅವರಿಗೆ ಗೊತ್ತಿರಲಿಲ್ಲ.

ಅವನು ಒಳಗಿಂದ ಒಂದು ಕುರ್ಚಿ ತಂದಿಟ್ಟ.

"ಕೂತುಕೊಳ್ಳಿ ಅಮ್ಮ."

ಚನಿಯಾರು ಹಿಂದಕ್ಕೆ ನೋಡಿದಳು. ಹಿಂದೆ ಯಾರೂ ಇರಲಿಲ್ಲ. ಕೆಸರುಂಟು ಎಂದಳು. ಇರಲಿ ಅಂದ. ಗುಣಪಾಲರು ಬಾಗಿಲಲ್ಲಿ ನಿಂತು ನಗುತ್ತಿದ್ದರು. ಕೂತುಕೋ ಮಾರಾಯ್ತಿ, ಕುರ್ಚಿ ತೊಳೆಯಲಿಕ್ಕಾಗುತ್ತದೆ ಅಂದರು. ಅವಳು ಕೂತಳು. ಬೆನ್ನು ಒರಗಿಸಲಿಲ್ಲ, ತುದಿಯಲ್ಲಿ ಕೂತಳು. ಚಾಯ ಬಂತು. ಅವಳ ತಾಯಿಗೆ ಊರಿನ ಮನೆಗಳಲ್ಲಿ ತೆಂಗಿನ ಗೆರಟೆಯಲ್ಲಿ ಹೊಯ್ಯುತ್ತಿದ್ದರು. ಅವಳಿಗೆ ದನದ ಹಟ್ಟಿಯ ಅಡ್ಡೆಯಲ್ಲಿ ಕವುಚಿಟ್ಟ ಬೇರೆ ಗ್ಲಾಸಿನಲ್ಲಿ. ಇಂದು ಮಾಸ್ಟ್ರ ಗ್ಲಾಸು, ಅವಳ ಗ್ಲಾಸು, ಎರಡೂ ಒಂದೇ ತಟ್ಟೆಯಲ್ಲಿ ಬಂದವು. ಯಾವುದು ಯಾರದ್ದು ಎಂದು ಗುರುತಿರಲಿಲ್ಲ.

ಮಾಸ್ಟ್ರು ಹೆಸರು ಕೇಳಿ ಬರೆದುಕೊಂಡರು. ನೀವು, ನಿಮಗೆ, ನಿಮ್ಮ ಹಿರಿಯರು ಎಂದೇ ಮಾತಾಡಿದರು. ನಿಮಗೆ ಗೊತ್ತಿರುವುದು ನಮ್ಮ ಪುಸ್ತಕಗಳಲ್ಲಿ ಇಲ್ಲ ಅಂದರು. ಐವತ್ತು ವರ್ಷ ಬಾಯಿ ಮುಚ್ಚಿದವಳಿಗೆ ಒಂದು ಗ್ಲಾಸು ಚಾಯ ಸಾಕಾಯಿತು. ಅವಳು ಹೇಳಿದಳು. ಯಾವ ತಿಂಗಳು, ಯಾವ ಉಬ್ಬರ, ಯಾವ ತಾಯಿ ಮೊದಲು ಬರುತ್ತದೆ, ಯಾವ ಮರಿ ಯಾವ ಮಗ್ಗುಲಲ್ಲಿ ಮಲಗುತ್ತದೆ. ದೋಣಿಯಲ್ಲಿ ಕೂರಿಸಿಕೊಂಡು ಹೋಗಿ ಮೂರು ತಾಳೆಮರ ತೋರಿಸಿದಳು. ಅವರು ನಕ್ಷೆ ಬರೆದರು. ಲೋಕನಾಥ ಹುಟ್ಟು ಹಾಕುತ್ತಿದ್ದ. ಇಂಥದ್ದೇ ಇನ್ನೊಂದು ಉಂಟು ಎಂದೂ ಹೇಳಿದಳು. ಅಷ್ಟರಲ್ಲಿ ನೀರು ಏರತೊಡಗಿತ್ತು. ಅದನ್ನು ನಾಳೆ ತೋರಿಸುತ್ತೇನೆ ಎಂದಳು. ಮರುದಿನ ಮಾಸ್ಟ್ರು ಬರಲಿಲ್ಲ.

ಸಂಜೆ ಬಟ್ಯನಿಗೆ ಹೇಳಿದಳು. ಅವನು ಹೆಣೆಯುತ್ತಿದ್ದ ಬುಟ್ಟಿ ಕೆಳಗಿಟ್ಟ.

"ಕುರ್ಚಿ ಯಾರದ್ದು?"

"ದಣಿಗಳದ್ದು."

"ಮತ್ತೆ ಮಾಸ್ಟ್ರು ಕೊಟ್ಟರು ಅಂತ ಹೇಳ್ತೀಯಲ್ಲ ಮಾರಾಯ್ತಿ."

ಅವಳಿಗೆ ಸಿಟ್ಟು ಬಂತು. ಒಬ್ಬ ಮನುಷ್ಯ ಮರ್ಯಾದೆ ಕೊಟ್ಟರೆ ಈ ಮುದುಕನಿಗೆ ಹೊಟ್ಟೆಯುರಿ ಅಂದುಕೊಂಡಳು. ಆ ರಾತ್ರಿ ಅವಳು ಸುಖವಾಗಿ ಮಲಗಿದಳು. ಆಮೇಲೆ ತುಂಬ ದಿನ ಅವಳಿಗೆ ಅಸಹ್ಯವಾದದ್ದು ಆ ಒಂದು ನಿದ್ದೆ.

ಹನ್ನೊಂದು ದಿನ ಕಳೆದು ಲೋಕನಾಥ ಕಾಲನಿಯ ಬೇಲಿಯ ಹತ್ತಿರ ಬಂದು ನಿಂತ. ಶೆಡ್ಡಿನಲ್ಲಿ ಹೂಳುವ ಕೆಲಸ ಉಂಟು, ಆರೇಳು ಹೆಂಗಸರು ಬನ್ನಿ ಅಂದ. ಎಂತದು ಹೂಳಲಿಕ್ಕೆ ಎಂದು ಕೇಳಿದರೆ ಹೇಳಲಿಲ್ಲ. ಮುಖ ಎತ್ತಲೂ ಇಲ್ಲ.

ಶೆಡ್ಡು ಕಾಣುವ ಮೊದಲೇ ವಾಸನೆ ಬಂತು. ತಾಟೆ, ತೊರಕೆ ಸತ್ತರೆ ಬೇರೆ ಮೀನಿನ ವಾಸನೆಯಲ್ಲ. ಹಳೆ ಮೂತ್ರದ ವಾಸನೆ. ಕಣ್ಣಲ್ಲಿ ನೀರು ತರಿಸುತ್ತದೆ. ಹಿತ್ತಿಲಿನಲ್ಲಿ ರಾಶಿ ಇತ್ತು. ಉಬ್ಬರದಲ್ಲಿ ದಣಿಗಳ ಬೋಟಿನವರು ತೊಟ್ಟಿಲಗುಂಡಿಯ ಬಾಯಿಗೆ ಬಲೆ ಕಟ್ಟಿದ್ದರು. ನೀರು ಇಳಿದ ಮೇಲೆ ಕೊಕ್ಕೆ ಹಿಡಿದು ಇಳಿದಿದ್ದರು. ಬೂಟು ಹಾಕಿಕೊಂಡು, ಕಾಲೆತ್ತಿ ಇಟ್ಟು.

ಅವರಿಗೆ ಬೇಕಾದದ್ದು ರೆಕ್ಕೆ. ಬೆನ್ನಿನದ್ದು, ಬದಿಯದ್ದು, ಬಾಲದ್ದು. ಅದನ್ನು ಒಣಗಿಸಿ ಮೂಟೆ ಕಟ್ಟಿದರೆ ಹೊರದೇಶಕ್ಕೆ ಹೋಗುತ್ತದೆ. ಅಲ್ಲಿ ದೊಡ್ಡವರು ಸಾರು ಮಾಡಿ ಕುಡಿಯುತ್ತಾರಂತೆ. ಎರಡು ಕುಲದ್ದರ ರೆಕ್ಕೆ ಎಲ್ಲದಕ್ಕಿಂತ ಮೇಲಂತೆ. ಬದುಕಿರುವಾಗ ಎರಡೂ ಕಡೆ ಸೇರಿಸದ್ದನ್ನು ಸತ್ತ ಮೇಲೆ ತಲೆಯ ಮೇಲೆ ಹೊರುತ್ತಾರೆ. ದೊಡ್ಡ ತೊರಕೆಗಳನ್ನು ಉಪ್ಪಿಗೆ ಹಾಕಲು ಬೇರೆ ಇಟ್ಟಿದ್ದರು. ಉಳಿದದ್ದೆಲ್ಲ ರೆಕ್ಕೆ ಕಿತ್ತ ಮೈಗಳು. ಕೈಕಾಲು ಕಡಿದವರ ಹಾಗೆ ಬಿದ್ದಿದ್ದವು. ಕೆಲವು ಇನ್ನೂ ಬಾಯಿ ತೆರೆದು ಮುಚ್ಚುತ್ತಿದ್ದವು.

ಒಂದು ದೊಡ್ಡ ತಾಯಿಯ ಹೊಟ್ಟೆ ಸೀಳಿತ್ತು. ಹೆರುವುದಕ್ಕೆಂದು ಬಂದದ್ದು, ಹೆತ್ತಿರಲಿಲ್ಲ. ಮರಿಗಳು ಹೊರಗೆ ಜಾರಿದ್ದವು. ಬೆರಳುದ್ದ, ಹೊಕ್ಕುಳಲ್ಲಿ ಹಳದಿ ಚೀಲ ಇನ್ನೂ ಅಂಟಿಕೊಂಡದ್ದು. ಕತ್ತಿ ಹಿಡಿದ ಹುಡುಗರು ಅವುಗಳ ಮೇಲೆ ನಿಂತೇ ಕೆಲಸ ಮಾಡುತ್ತಿದ್ದರು. ಕಾಲು ಜಾರಿದಾಗ ಒಬ್ಬ ಬೈದ. ಮರಿಗೆ ಬೈದ. ಇನ್ನೊಬ್ಬ ಬೀಡಿ ಹೊತ್ತಿಸಿ, ಕಡ್ಡಿಯನ್ನು ಆ ಹೊಟ್ಟೆಯೊಳಗೆ ಎಸೆದ.

ಚನಿಯಾರು ಶೆಡ್ಡಿನ ಬಾಗಿಲ ಕಡೆ ನೋಡಿದಳು. ಬಾಗಿಲಿಗೆ ಒಂದು ಕಾಗದ ಅಂಟಿಸಿತ್ತು. ಅವಳಿಗೆ ಓದು ಬಾರದು. ಆದರೆ ಹೊಳೆಯ ಬಾಗು ಗೊತ್ತು. ಮೂರು ತಾಳೆಮರ ಗೊತ್ತು. ಗುಂಡಿ ಇದ್ದಲ್ಲಿ ಕೆಂಪು ಗೆರೆಯ ವೃತ್ತ. ಪಕ್ಕದಲ್ಲಿ ಸಾಲು ಸಾಲು ಅಂಕೆ, ಉಬ್ಬರ, ಇಳಿತದ ಲೆಕ್ಕವಿರಬೇಕು. ಅವಳು ಬಾಯಿಯಲ್ಲಿ ಹೇಳಿದ್ದೆಲ್ಲ ಅಲ್ಲಿ ಅಚ್ಚಾಗಿ ನಿಂತಿತ್ತು. ಕತ್ತಿ ಹಿಡಿದವರು ನಡುನಡುವೆ ಅದನ್ನು ನೋಡಿಕೊಂಡು, ನಾಳೆ ಯಾವ ಹೊತ್ತಿಗೆ ಎಂದು ಮಾತಾಡಿಕೊಳ್ಳುತ್ತಿದ್ದರು.

ಅವಳು ಅಂಗಳದ ಮೂಲೆಗೆ ಹೋಗಿ ಕಕ್ಕಿದಳು. ನಾರುವವಳಿಗೂ ನಾತ ಬಂತು ನೋಡು ಎಂದು ಒಬ್ಬ ಹೇಳಿದ. ಎಲ್ಲರೂ ನಕ್ಕರು. ಲೋಕನಾಥ ನಗಲಿಲ್ಲ. ಅವನು ತಿರುಗಿ ಬಲೆ ಬಿಡಿಸುತ್ತಿದ್ದ.

ಮಧ್ಯಾಹ್ನದವರೆಗೆ ಹೆಂಗಸರು ಮೈಗಳನ್ನು ಎಳೆದರು. ಒಂದೊಂದು ಮೈಗೆ ಇಬ್ಬರು. ಹಿಡಿಯಲು ರೆಕ್ಕೆ ಇರಲಿಲ್ಲ. ಕಿವಿರಿಗೆ ಕೈ ಹಾಕಿ ಎಳೆಯಬೇಕು. ತಾಟೆಯ ಚರ್ಮ ಅರದಂತೆ ಒರಟು. ಮುಂಗೈ ಸುಲಿಯಿತು. ಸುಲಿದ ಕೈಗೆ ಆ ನೀರು ತಾಗಿ ಉರಿಯಿತು. ಮರಿಗಳನ್ನು ಸಲಿಕೆಯಲ್ಲಿ ಬಳಿದು ಬುಟ್ಟಿಗೆ ತುಂಬಿದರು. ಮರುವಾಯಿಯ ಬುಟ್ಟಿ ಅದು, ಬಟ್ಯ ಹೆಣೆದದ್ದು. ಮರಳಿನ ದಿಬ್ಬದ ಹಿಂದೆ ಗುಂಡಿ ತೋಡಿ ಸುರಿದರು. ಹೊರಡುವಾಗ ಗುಣಪಾಲರು, ಬೇಕಾದರೆ ಮಾಂಸ ಕೊಂಡುಹೋಗಿ, ನಿಮಗೆ ಆಗುತ್ತದಲ್ಲ ಅಂದರು. ಅವರು ಮೂಗಿಗೆ ಹಿಡಿದ ಕರವಸ್ತ್ರದೊಳಗಿಂದ ಆ ಮಾತು ಬಂತು.

ಆ ಗುಂಡಿಯ ಬದಿಯಲ್ಲೇ ಚನಿಯಾರು ಹೆಂಗಸರಿಗೆ ಹೇಳಿದಳು. ನಾನೇ ತೋರಿಸಿದ್ದು ಅಂದಳು. ಸುಂದರಿ ಎಂಬ ಹರೆಯದವಳು ಉಗಿದಳು. ನೆಲಕ್ಕೆ ಉಗಿದಳೋ, ಅವಳಿಗೆ ಉಗಿದಳೋ.

"ಒಂದು ಗ್ಲಾಸು ಚಾಯಕ್ಕೆ?"

"ಚಾಯಕ್ಕೆ ಅಲ್ಲ," ಎಂದಳು ಚನಿಯಾರು. "ಕುರ್ಚಿಗೆ."

ಹಸಿ ಮರಳನ್ನು ಕಾಲಿನಿಂದ ಮುಚ್ಚಿ ಎಲ್ಲರೂ ಮನೆಗೆ ಹೋದರು. ದಾರಿಯಲ್ಲಿ ಅವಳ ಜೊತೆ ಯಾರೂ ನಡೆಯಲಿಲ್ಲ.

ಮರಳು ಆಳವಿರಲಿಲ್ಲ. ಎರಡೇ ದಿನದಲ್ಲಿ ನಾಯಿಗಳು ತೋಡಿದವು. ಕಡಲ ದಡದ ಉದ್ದಕ್ಕೂ ಮರಿಗಳ ತುಂಡು ಬಿದ್ದವು. ಯಾರೋ ಫೋಟೋ ತೆಗೆದು ಪತ್ರಿಕೆಗೆ ಕೊಟ್ಟರು. ಅಳಿಯುತ್ತಿರುವ ಮೀನುಗಳ ಮಾರಣಹೋಮ ಎಂದು ಬಂತು. ಯಾರು ಮಾಡಿದ್ದು ಎಂದು ಬರಲಿಲ್ಲ. ಆ ವಾರವೇ ಊರಿನಲ್ಲಿ ಹೊಳೆ ಕಡಲು ಮೀನು ರಕ್ಷಣಾ ಸಮಿತಿ ಹುಟ್ಟಿತು. ಅಧ್ಯಕ್ಷರು ಗುಣಪಾಲರು.

ಮೊದಲಿಗೆ ಸಮಿತಿ ಮಾಡಿದ ಕೆಲಸ ಹೊಳೆಯ ದಡದಲ್ಲಿ ಒಂದು ಬೋರ್ಡು ನೆಟ್ಟದ್ದು. ಮಲಯಾಳದಲ್ಲಿ ಮೇಲೆ, ಕನ್ನಡದಲ್ಲಿ ಕೆಳಗೆ. ಕಾಲನಿಯಲ್ಲಿ ಓದು ಬರುವವರು ಯಾರೂ ಆ ಹೊತ್ತಿಗೆ ಇರಲಿಲ್ಲ. ಮರುವಾಯಿ ಕೊಳ್ಳಲು ಬಂದ ಹಿಲ್ಡಾ ಬಾಯಿಯನ್ನು ಚನಿಯಾರು ಕರೆದುಕೊಂಡು ಹೋದಳು. ಹಿಲ್ಡಾ ಬಾಯಿ ಶಾಲೆಯ ಟೀಚರ್. ಬೇಲಿಯ ಹೊರಗೆ ನಿಲ್ಲಿಸದೆ ಅಡುಗೆಮನೆಯ ಬಾಗಿಲಿಗೆ ಕರೆಯುವವರು ಅವರೊಬ್ಬರೇ. ಕನ್ನಡಕ ಹಾಕಿ ಓದಿದರು.

"ಎಂತ ಉಂಟು ಬಾಯಿ?"

"ತಾಟೆ, ತೊರಕೆ ಮರಿಗಳ ರಕ್ಷಣೆಗಾಗಿ ಹೊಳೆಗೆ ಇಳಿಯಬಾರದು. ಮರುವಾಯಿ ಹೆಕ್ಕಬಾರದು. ಹಾಗೆ ಬರೆದಿದ್ದಾರೆ."

"ಬೋಟಿಗೆ? ಬಲೆಗೆ?"

ಹಿಲ್ಡಾ ಬಾಯಿ ಇನ್ನೊಮ್ಮೆ ಓದಿದರು. ಮಲಯಾಳದ್ದನ್ನೂ ಓದಿದರು.

"ಬೋಟಿನದ್ದು ಬರೆದಿಲ್ಲ ಚನಿಯಾರು."

ದೇವರು ಹೊಳೆಯನ್ನು ಮಾಡಿದಾಗ ಅದಕ್ಕೆ ಬಾಗಿಲು ಮಾಡಲಿಲ್ಲ. ಮನುಷ್ಯ ಮಾಡಿದ. ಮಾಡಿ, ಕೀಲಿಯನ್ನು ಕಳ್ಳನ ಕೈಯಲ್ಲಿ ಕೊಟ್ಟ.

ಲೋಕನಾಥ ಮತ್ತೆ ಬಂದ. ಆದಿತ್ಯವಾರ ಸಭೆ, ನಿನಗೆ ಸನ್ಮಾನ ಉಂಟು ಎಂದ. ಜಾಗ ತೋರಿಸಿದವಳು ಎಂದು ಶಾಲು ಹಾಕುತ್ತಾರೆ. ಕಾಲನಿಯ ಪರವಾಗಿ ಒಂದು ಕಾಗದಕ್ಕೆ ಹೆಬ್ಬೆರಳು ಒತ್ತಬೇಕು, ಇನ್ನು ಮೇಲೆ ಹೊಳೆಗೆ ಇಳಿಯುವುದಿಲ್ಲ ಎಂದು. ಮತ್ತೆ, ಅವನು ತಡೆದ. ಮತ್ತೆ ಆ ಇನ್ನೊಂದು ಜಾಗ ಯಾವುದೆಂದು ಅಲ್ಲೇ ಹೇಳಬೇಕಂತೆ. ರಕ್ಷಣೆ ಮಾಡ್ಲಿಕ್ಕೆ.

ಬಟ್ಯ ಒಳಗಿಂದ ಕೇಳಿದ.

"ಹೋದ ಸಲ ರಕ್ಷಣೆ ಮಾಡಿದ ಹಾಗೆಯಾ ಲೋಕನಾಥಣ್ಣ?"

ಲೋಕನಾಥ ಬಂದ ದಾರಿ ಹಿಡಿದ.

ಆದಿತ್ಯವಾರ ಇಪ್ಪತ್ತೆರಡು ಮನೆಯ ಹೆಂಗಸರೂ ಹೋದರು. ಚನಿಯಾರು ಮುಂದೆ ನಡೆದಳು. ಅವಳ ಮೇಲಿನ ಸಿಟ್ಟು ಯಾರಿಗೂ ಇಳಿದಿರಲಿಲ್ಲ. ಆದರೆ ಹೊಳೆ ಹೋದರೆ ಇಪ್ಪತ್ತೆರಡು ಒಲೆ ಹೋಗುತ್ತದೆ. ಇನ್ನೊಂದು ಜಾಗ ಹೋದರೆ ಮುಂದಿನ ಮಾಯಿಯಲ್ಲಿ ಯಾವ ತಾಯಿಯೂ ಬರುವುದಿಲ್ಲ. ಅವಳು ಏನು ಮಾಡುತ್ತಾಳೆ ಎಂದು ನೋಡಲೇ ಸುಂದರಿ ಬಂದಿದ್ದಳು.

ಸಭಾಂಗಣದ ಬಾಗಿಲಿನಲ್ಲಿ ಒಬ್ಬ ಹುಡುಗ ದಾನಿಯಿಂದ ಪನ್ನೀರು ಚಿಮುಕಿಸುತ್ತಿದ್ದ. ಊರಿನವರಿಗೆ ಒಂದು ಸಲ. ಕಾಲನಿಯ ಹೆಂಗಸರು ಬಂದಾಗ ಆ ಹುಡುಗ ದಾನಿಯನ್ನು ಬೋರಲು ಹಾಕಿ ಮೂರು ಸಲ ಕುಲುಕಿದ. ತಲೆಯಿಂದ ನೀರು ಇಳಿದು ಚನಿಯಾರುವಿನ ಕಣ್ಣಿಗೆ ಹೋಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಿಕಿಸಿ ನಕ್ಕರು. ವೇದಿಕೆಯ ಮೇಲೆ ಬಾಳೆಕಂಬ, ಊದುಬತ್ತಿ, ಹಣೆತುಂಬ ಗಂಧ. ಅದರಡಿಯಿಂದ, ಎಷ್ಟು ತೊಳೆದರೂ ಹೋಗದ ಆ ಹಳೆ ಮೂತ್ರದ ವಾಸನೆ ಅವಳ ಮೂಗಿಗೆ ಬಂತು. ಅದು ತನ್ನ ಮೈಯಿಂದಲ್ಲ ಎಂದು ಅವಳಿಗೆ ಜೀವನದಲ್ಲಿ ಮೊದಲ ಸಲ ಖಾತ್ರಿಯಾಯಿತು.

ಗುಣಪಾಲರು ತುಂಬ ಹೊತ್ತು ಮಾತಾಡಿದರು. ಕಡಲು ನಮ್ಮ ತಾಯಿ ಎಂದರು. ತಾಟೆ, ತೊರಕೆ ಇಲ್ಲದ ಕಡಲು ಯಜಮಾನನಿಲ್ಲದ ಮನೆ ಎಂದರು. ಅಜ್ಞಾನದಿಂದ ಕೆಲವರು ಹೊಳೆಗಿಳಿದು ಮರಿಗಳನ್ನು ತುಳಿದು ಕೊಲ್ಲುತ್ತಿದ್ದಾರೆ, ಅವರನ್ನು ಬೈಯಬಾರದು, ತಿದ್ದಬೇಕು ಎಂದರು. ಸಭೆಯವರು ಆ 'ಕೆಲವರ' ಕಡೆ ತಿರುಗಿ ನೋಡಿದರು. ಪಕ್ಕದಲ್ಲಿ ಶಿವಸುಬ್ರಹ್ಮಣ್ಯ ಕೂತಿದ್ದ. ಅವನ ಮುಖ ಬೂದಿಯಾಗಿತ್ತು. ದಡದ ಫೋಟೋವನ್ನು ಅವನೂ ನೋಡಿದ್ದ. ತನ್ನ ನಕ್ಷೆಯ ಪ್ರತಿಯನ್ನು ಗುಣಪಾಲರಿಗೆ ಕೊಟ್ಟದ್ದು ಅವನೇ. ಊರಿನ ದೊಡ್ಡವರು ಮನಸ್ಸು ಮಾಡಿದರೆ ಉಳಿಯುತ್ತದೆ ಎಂದು ನಂಬಿ ಕೊಟ್ಟದ್ದು. ಈಗ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ಆ ಕುರ್ಚಿಯಲ್ಲಿ ಕೂತಿದ್ದ.

ಚನಿಯಾರುವಿನ ಹೆಸರು ಕರೆದರು. ಅವಳು ಮೆಟ್ಟಲು ಹತ್ತಿದಳು. ಮಧ್ಯದಲ್ಲಿ ಒಂದು ಕುರ್ಚಿ ಇತ್ತು, ಕೆಂಪು ಬಟ್ಟೆ ಹೊದಿಸಿದ್ದು. ಕೂತುಕೋ ಎಂದರು ಗುಣಪಾಲರು.

ಅವಳು ಕೂರಲಿಲ್ಲ.

ಶಾಲು ಬಿಚ್ಚಿದರು. ಅವಳು ಎರಡು ಹೆಜ್ಜೆ ಹಿಂದೆ ಸರಿದಳು. ಶಾಲು ಹಿಡಿದ ಕೈ ಗಾಳಿಯಲ್ಲೇ ಉಳಿಯಿತು. ಒಬ್ಬ ಶಾಯಿಯ ಡಬ್ಬಿ, ಕಾಗದ ತಂದ. ಅವಳು ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು.

"ನಾಚಿಕೆ," ಎಂದು ಗುಣಪಾಲರು ಸಭೆಗೆ ಹೇಳಿ ನಕ್ಕರು. ಆಮೇಲೆ ಅವಳ ಕಿವಿಯ ಹತ್ತಿರ ಬಾಗಿ, "ಒತ್ತು. ಮತ್ತೆ ಆ ಜಾಗ ಹೇಳಿ ಇಳಿದು ಹೋಗು. ಹೊಳೆಬದಿಯ ನಿಮ್ಮ ಮನೆಗಳ ಜಾಗದ ಪಟ್ಟೆ ಯಾರ ಹೆಸರಿನಲ್ಲಿ ಉಂಟು ಅಂತ ನೆನಪಿರಲಿ," ಎಂದರು.

ಚನಿಯಾರು ಸಭೆಯ ಕಡೆ ತಿರುಗಿದಳು. ಕಿರುಚಲಿಲ್ಲ. ಬೇಲಿಯ ಹೊರಗಿಂದ ಮನೆಯೊಳಗಿನವರಿಗೆ ಕೇಳುವಂತೆ ಕರೆದು ಕರೆದು ಅವಳ ಸ್ವರ ಗಟ್ಟಿಯಾಗಿತ್ತು.

"ನಾವು ಹೊಳೆಯಲ್ಲಿ ಕಾಲೆತ್ತಿ ಇಡುವುದಿಲ್ಲ. ಮುಳ್ಳಿಗೆ ಹೆದರಿ ಅಂತ ನೀವು ಎಣಿಸಿದ್ದೀರಿ. ಅಡಿಯಲ್ಲಿ ಮಕ್ಕಳು ಮಲಗಿದ್ದಾರೆ ಅಂತ. ನಮ್ಮ ಕಾಲಿಗೆ ಸಿಕ್ಕಿ ಸತ್ತ ಮರಿ ಒಂದು ತೋರಿಸಿ. ದಣಿಗಳ ಶೆಡ್ಡಿನ ಹಿಂದೆ ನಾವು ಹೂತದ್ದು ಬುಟ್ಟಿ ಬುಟ್ಟಿ. ಈ ಕೈಯಲ್ಲಿ ಹೂತದ್ದು. ತಾಯಿಯ ಹೊಟ್ಟೆಯೊಳಗೆ ಬೀಡಿಯ ಕಡ್ಡಿ ಹಾಕಿದವರು ಇಲ್ಲಿ ಎರಡನೇ ಸಾಲಿನಲ್ಲಿ ಕೂತಿದ್ದಾರೆ."

ಎರಡನೇ ಸಾಲು ಅಲುಗಿತು. ಮೈಕಿನವನಿಗೆ ಯಾರೋ ಕೈಸನ್ನೆ ಮಾಡಿದರು. ಮೈಕು ಅವಳ ಎದುರಿರಲಿಲ್ಲ, ಆರಿಸಿ ಪ್ರಯೋಜನವೂ ಇರಲಿಲ್ಲ.

ಅವಳು ಶಿವಸುಬ್ರಹ್ಮಣ್ಯನನ್ನು ನೋಡಿದಳು.

"ಮಾಸ್ಟ್ರೇ, ನಿಮ್ಮದು ಕೆಟ್ಟ ಮನಸ್ಸಲ್ಲ. ನೀವು ನನ್ನನ್ನು ಕೂರಿಸಿದಿರಿ. ನನಗೆ ಅಷ್ಟು ಸಾಕಾಯಿತು, ನಾನು ಬಾಯಿ ಬಿಟ್ಟೆ. ತಪ್ಪು ನನ್ನದು. ಆದರೆ ನನ್ನನ್ನು ಕೇಳದೆ ಅದನ್ನು ಇವರ ಕೈಗೆ ಕೊಟ್ಟಿರಿ. ನಿಮಗೆ ಇವರು ಮನುಷ್ಯರ ಹಾಗೆ ಕಂಡರು. ನಾವು ಕಾಣಲಿಲ್ಲ."

ಅವನು ಕುರ್ಚಿಯಿಂದ ಅರ್ಧ ಎದ್ದು, ಮತ್ತೆ ಕೂತ.

"ಇನ್ನೊಂದು ಜಾಗ ಉಂಟು," ಎಂದಳು ಚನಿಯಾರು. "ಹೇಳುವುದಿಲ್ಲ. ಹೆಬ್ಬೆರಳೂ ಒತ್ತುವುದಿಲ್ಲ. ನಾಳೆ ಇಳಿತಕ್ಕೆ ನಾವು ಹೊಳೆಗೆ ಇಳಿಯುತ್ತೇವೆ. ಬೋರ್ಡು ಓದ್ಲಿಕ್ಕೆ ನಮಗೆ ಬರುವುದಿಲ್ಲ. ನೀವು ಕಲಿಸಲಿಲ್ಲ."

ಅವಳು ಮೆಟ್ಟಲಿಳಿದಳು. ಸುಂದರಿ ಎದ್ದು ದಾರಿ ಬಿಟ್ಟಳು, ಆಮೇಲೆ ಅವಳ ಹಿಂದೆ ನಡೆದಳು. ಇಪ್ಪತ್ತೆರಡು ಮನೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದರು. ಬಾಗಿಲಿನಲ್ಲಿ ಪನ್ನೀರಿನ ಹುಡುಗ ದಾನಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡ.

ಮರುದಿನ ಅವರು ಇಳಿದರು. ಬೋರ್ಡಿನ ಬುಡದಲ್ಲಿ ಬುಟ್ಟಿ ಇಟ್ಟು ಸೊಂಟಕ್ಕೆ ಹಗ್ಗ ಕಟ್ಟಿಕೊಂಡರು. ದಡದಲ್ಲಿ ನಾಲ್ಕು ಜನ ನಿಂತು ಬೈದರು. ಜಾತಿ ಹಿಡಿದು ಬೈದರು, ಹುಟ್ಟು ಹಿಡಿದು ಬೈದರು. ಹೆಂಗಸರು ಕೆಸರಿನಲ್ಲಿ ಕಾಲು ಜಾರಿಸುತ್ತ ಮುಂದೆ ಹೋದರು. ಬೈಯುವವರು ನೀರಿಗೆ ಇಳಿಯಲಿಲ್ಲ, ಕಾಲಡಿಯಲ್ಲಿ ಮುಳ್ಳು ಉಂಟೆಂದು ಅವರಿಗೆ ಹೆದರಿಕೆ.

ಗುಣಪಾಲರು ಸುಮ್ಮನಿರಲಿಲ್ಲ. ಜಾಗ ಹೇಳದಿದ್ದರೆ ಏನಾಯಿತು, ಹೊಳೆ ಓಡಿಹೋಗುತ್ತದೆಯೇ ಎಂದರು. ಅಳಿವೆಯಿಂದ ಮೇಲಕ್ಕೆ ಎಲ್ಲೆಂದರಲ್ಲಿ ಬಲೆ ಕಟ್ಟಿಸಿದರು. ಒಂದು ಉಬ್ಬರಕ್ಕೆ ಇಲ್ಲಿ, ಇನ್ನೊಂದಕ್ಕೆ ಅಲ್ಲಿ. ಕುರುಡು ಬಲೆ. ಸಿಕ್ಕಿದ್ದು ಕಸ, ಎಲೆ, ಕೆಸರು. ನಡುವೆ ದಾರಿ ತಪ್ಪಿದ ಕೆಲವು ಮರಿಗಳು. ಅವುಗಳಿಗೆ ಕಡಿಯುವಷ್ಟು ರೆಕ್ಕೆಯೂ ಬೆಳೆದಿರಲಿಲ್ಲ. ದಡಕ್ಕೆ ಎಸೆಯಿರಿ ಎಂದು ಅಪ್ಪಣೆಯಾಯಿತು.

ಗುರುವಾರ ಬೆಳಿಗ್ಗೆ ಹೆಂಗಸರು ಆಗಷ್ಟೇ ಇಳಿದಿದ್ದರು. ಅಳಿವೆಯ ಕಡೆಯಿಂದ ಒಂದು ದೋಣಿ ಬಂತು. ಲೋಕನಾಥ ಒಬ್ಬನೇ ಇದ್ದ. ಸುಂದರಿ ಕೆಸರು ಮುಷ್ಟಿಯಲ್ಲಿ ಹಿಡಿದಳು. ಚನಿಯಾರು ಕೈಯೆತ್ತಿ ತಡೆದಳು.

ದೋಣಿ ಅವಳ ಹತ್ತಿರ ಬಂದು ನಿಂತಿತು. ನಡುವೆ ಅನ್ನ ಬೇಯಿಸುವ ದೊಡ್ಡ ಅಲ್ಯುಮಿನಿಯಂ ಪಾತ್ರೆ, ಮೇಲೆ ಒದ್ದೆ ಗೋಣಿ. ಗೋಣಿ ಅಲುಗುತ್ತಿತ್ತು. ಲೋಕನಾಥ ಅದನ್ನು ಸರಿಸಿದ. ಹೊಳೆಯ ನೀರಿನಲ್ಲಿ ಮರಿಗಳು ಒಂದರ ಮೇಲೊಂದು ಸುತ್ತುತ್ತಿದ್ದವು. ಅಂಗೈಯಗಲದ ತೊರಕೆ. ಎರಡು ತಾಟೆ. ಚಪ್ಪಟೆ ತಲೆಯ, ಉದ್ದ ಬಾಲದ ಒಂದು.

"ಒಂಬತ್ತು ಇದ್ದವು," ಎಂದ ಅವನು. "ಎರಡು ಸತ್ತವು. ಏಳು ಉಂಟು."

ಚನಿಯಾರು ಅವನ ಮುಖ ನೋಡಿದಳು. ತೊಟ್ಟಿಲಗುಂಡಿಯ ಬಾಯಿಗೆ ಬಲೆ ಕಟ್ಟಿದ ಕೈ ಅದು. ಆ ದಿನ ದೋಣಿಯಲ್ಲಿ ಹುಟ್ಟು ಹಾಕಿದ ಕೈಯೂ ಅದೇ.

"ನಾಳೆ ನಿನಗೆ ಕೆಲಸ ಇರುವುದಿಲ್ಲ," ಎಂದಳು.

"ಇರುವುದಿಲ್ಲ."

ಅವನು ಬಾಗಿ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿದ. ನೀರು ತುಳುಕದ ಹಾಗೆ ಎತ್ತಿ ಅವಳ ಕೈಗೆ ದಾಟಿಸಿದ. ಭಾರವಿತ್ತು. ಸುಂದರಿ ಬಂದು ಇನ್ನೊಂದು ಕಿವಿ ಹಿಡಿದಳು.

"ಎಲ್ಲಿಗೆ ಅಂತ ನನಗೆ ಹೇಳಬೇಡಿ ಚನಿಯಾರಕ್ಕ," ಎಂದ ಲೋಕನಾಥ.

ದೋಣಿಯ ಮೂತಿಯನ್ನು ಕಡಲಿನ ಕಡೆ ತಿರುಗಿಸಿದ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು, ಅವರಿಗೆ ಬೆನ್ನು ಹಾಕಿ ಕೂತ. ಹಿಂದೆ ನೀರಿನ ಸದ್ದು ಪೂರ್ತಿ ನಿಲ್ಲುವವರೆಗೆ ಹಾಗೇ ಕೂತಿದ್ದ.